ನೀರಿನ ಲೆಕ್ಕ: ನೀರ್ ದೋಸೆ, ಪತ್ರೊಡೆ, ಗುಳ್ಳದ ಕೊದ್ದೆಲ್

ನಮ್ಮ ಕರಾವಳಿ ಕಡೆಯ ಅಡುಗೆ ಕಲಿಯಲು ಹೊರಟವರು ಮೊದಲು ಕೇಳುವುದು ಮೆಣಸು ಎಷ್ಟು, ಕೊತ್ತಂಬರಿ ಎಷ್ಟು ಅಂತ. ಅದು ಅಷ್ಟು ದೊಡ್ಡ ವಿಷಯ ಅಲ್ಲ. ಮೆಣಸು ಎರಡು ಹೆಚ್ಚಾದರೆ ಮೊಸರು ಬಡಿಸಿಕೊಂಡು ಉಣ್ಣಬಹುದು, ಕೊತ್ತಂಬರಿ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಡುವುದು ನೀರಿನಲ್ಲಿ. ಈ ಮೂರು ಅಡುಗೆಗಳಲ್ಲಿ ಒಂದಕ್ಕೆ ನೀರನ್ನು ಧಾರಾಳ ಸುರಿಯಬೇಕು, ಇನ್ನೊಂದಕ್ಕೆ ಚಮಚದ ಲೆಕ್ಕದಲ್ಲಿ ಕೊಡಬೇಕು, ಮೂರನೆಯದಕ್ಕೆ ಯಾವಾಗ ಹಾಕುತ್ತೀರಿ ಎನ್ನುವುದೇ ಮುಖ್ಯ.

ಅಳತೆಗೆ ಮುಂದೆಲ್ಲ 200 ಮಿಲಿಯ ಲೋಟ. ಚಮಚ ಅಂದರೆ ಚಹಾ ಚಮಚ.

ನೀರ್ ದೋಸೆಯಿಂದ ಶುರು ಮಾಡೋಣ. ಸಾಮಾನು ಮೂರೇ ಇರುವ ಅಡುಗೆಗಳಲ್ಲಿ ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಬೆಳ್ತಿಗೆ ಅಕ್ಕಿ (ಕುಚ್ಚದ ಬಿಳಿ ಅಕ್ಕಿ) 2 ಲೋಟ, ಕಾಯಿತುರಿ ಅರ್ಧ ಲೋಟ, ಉಪ್ಪು ಒಂದೂಕಾಲು ಚಮಚ. ಸೋನಾ ಮಸೂರಿ ಆದರೂ ಸಾಕು, ಆದರೆ ಹಳೆಯದಿರಲಿ. ಹೊಸ ಅಕ್ಕಿಯ ಹಿಟ್ಟು ಅಂಟು, ದೋಸೆ ಕಾವಲಿ ಬಿಟ್ಟು ಏಳುವುದಿಲ್ಲ, ಎದ್ದರೂ ಮಡಚುವಾಗ ಮುದ್ದೆ. ಮನೆಯಲ್ಲಿ ಹೊಸ ಅಕ್ಕಿಯೇ ಇದ್ದರೆ ನೀರನ್ನು ಅರ್ಧ ಲೋಟ ಕಡಿಮೆ ಮಾಡಿ ನೋಡಿ. ಕುಚ್ಚಲಕ್ಕಿಯಲ್ಲಿ ಈ ದೋಸೆ ಬರುವುದಿಲ್ಲ, ಪ್ರಯತ್ನ ಬೇಡ.

ಅಕ್ಕಿ ನಾಲ್ಕು ಗಂಟೆಯಾದರೂ ನೆನೆಯಬೇಕು. ರಾತ್ರಿ ಹಾಕಿಟ್ಟರೆ ಇನ್ನೂ ಒಳ್ಳೆಯದು. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಪುಡಿಯಾಗಬೇಕು. ನೀರು ಬಸಿದು, ಕಾಯಿತುರಿಯೊಟ್ಟಿಗೆ ಮಿಕ್ಸಿಗೆ ಹಾಕಿ, ಒಂದೂವರೆ ಲೋಟ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ರುಬ್ಬಿ. ಎಲ್ಲ ನೀರನ್ನೂ ಒಮ್ಮೆಲೇ ಹಾಕಿದರೆ ಅಕ್ಕಿ ಬ್ಲೇಡಿಗೆ ಸಿಗದೆ ತೇಲುತ್ತ ಸುತ್ತುತ್ತದೆ, ತರಿ ಉಳಿಯುತ್ತದೆ. ಹಿಟ್ಟನ್ನು ಬೆರಳಿನಲ್ಲಿ ಉಜ್ಜಿದರೆ ಮರಳು ಸಿಕ್ಕಿದ ಹಾಗೆ ಆಗಬಾರದು. ನುಣ್ಣಗಾಯಿತು ಅಂದ ಮೇಲೂ ಒಂದು ನಿಮಿಷ ಓಡಿಸಿ.

ಈಗ ಮತ್ತೆ ಮೂರು ಲೋಟ ನೀರು, ಉಪ್ಪು. ಮಿಕ್ಸಿ ತೊಳೆದ ನೀರೂ ಈ ಮೂರರ ಲೆಕ್ಕದಲ್ಲೇ ಬರಬೇಕು. ಮೊದಲ ಸಲ ಮಾಡುವವರಿಗೆ ಇಲ್ಲಿ ಕೈ ನಡುಗುತ್ತದೆ, ಇಷ್ಟು ನೀರು ಸುರಿದರೆ ದೋಸೆ ಆಗುವುದುಂಟಾ ಅಂತ. ಆಗುತ್ತದೆ ಮಾರಾಯ್ರೆ. ಹಿಟ್ಟು ನೀರು ಮಜ್ಜಿಗೆಯ ಹಾಗಿರಬೇಕು. ಕೈಯನ್ನು ಅದ್ದಿ ಎತ್ತಿದರೆ ಬೆರಳ ಮೇಲೆ ತೆಳ್ಳಗೆ ಬಿಳಿ ಪೊರೆ ಉಳಿದು, ಅದರ ಕೆಳಗೆ ಚರ್ಮದ ಬಣ್ಣ ಕಾಣಬೇಕು. ಚರ್ಮ ಪೂರ್ತಿ ಮುಚ್ಚಿಹೋದರೆ ಇನ್ನೂ ಕಾಲು ಲೋಟ ನೀರು ಬೇಕು. ಹುಳಿ ಬರಿಸುವ ಕೆಲಸ ಇಲ್ಲ, ತಕ್ಷಣ ಎರೆಯಬಹುದು.

ಈ ದೋಸೆಯಲ್ಲಿ ತೂತು ಬೀಳುವುದು ಹುದುಗಿನಿಂದ ಅಲ್ಲ, ಹಬೆಯಿಂದ. ತೆಳು ಹಿಟ್ಟು ಕಾದ ಕಬ್ಬಿಣಕ್ಕೆ ತಾಗಿದ ಕೂಡಲೇ ನೀರು ಹಬೆಯಾಗಿ ಮೇಲಕ್ಕೆ ನುಗ್ಗುತ್ತದೆ, ನುಗ್ಗಿದ ದಾರಿಯೇ ತೂತು. ಹಾಗಾಗಿ ತೂತು ಬೀಳದಿದ್ದರೆ ಕಾರಣ ಎರಡೇ: ಕಾವಲಿ ಕಾದಿಲ್ಲ, ಇಲ್ಲವೇ ಹಿಟ್ಟು ದಪ್ಪ. ಎರೆದಾಗ ಚುಂಯ್ ಎಂಬ ಸದ್ದು ಬರಲೇಬೇಕು. ಬಾರದಿದ್ದರೆ ಆ ದೋಸೆ ಕೆಟ್ಟಿತು ಅಂತಲೇ ತಿಳಿದು, ಇನ್ನೊಂದು ನಿಮಿಷ ದೊಡ್ಡ ಉರಿಯಲ್ಲಿ ಕಾಯಿಸಿ.

ಬೀಡಿನ ಕಾವಲಿಯೇ ಇದಕ್ಕೆ ಸರಿ. ನಾನ್‌ಸ್ಟಿಕ್‌ನಲ್ಲಿ ಏಳುವುದು ಸುಲಭ, ಆದರೆ ಹಿಟ್ಟು ಹಿಡಿದು ನಿಲ್ಲದೆ ನಡುವಿಗೆ ಜಾರುತ್ತದೆ. ನೀರುಳ್ಳಿಯನ್ನು ಅಡ್ಡ ಕೊಯ್ದು, ತೆಂಗಿನೆಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜಿ. ಬರೀ ಹೊಳಪು ಬಂದರೆ ಸಾಕು. ಎಣ್ಣೆ ಹೆಚ್ಚಾದರೂ ಹಿಟ್ಟು ಜಾರುತ್ತದೆ. ಸೌಟಿನಲ್ಲಿ ತೆಗೆಯುವ ಮೊದಲು ಪ್ರತಿ ಸಲವೂ ತಳದಿಂದ ಕಲಕಬೇಕು, ಇದನ್ನು ಮರೆತವರದ್ದೇ ಕೊನೆಯ ನಾಲ್ಕು ದೋಸೆ ರಬ್ಬರ್ ಆಗುವುದು. ಅಕ್ಕಿ ಕೆಳಗೆ ಕೂತು, ಮೇಲಿನ ನೀರೆಲ್ಲ ಮೊದಲ ದೋಸೆಗಳಿಗೆ ಹೋಗಿರುತ್ತದೆ.

ಎರೆಯುವುದು ಹೊರಗಿನಿಂದ ಒಳಕ್ಕೆ. ಅಂಚಿನ ಸುತ್ತ ಒಂದು ಗೆರೆ ಎಳೆದ ಹಾಗೆ ಹೊಯ್ದು, ಆಮೇಲೆ ನಡುವಿನ ಖಾಲಿ ಜಾಗ ತುಂಬಿಸಿ. ಸೌಟಿನ ತಳದಲ್ಲಿ ತಿರುವಬಾರದು, ತಿರುವಿದರೆ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಅಲ್ಲಲ್ಲಿ ತೂತು ದೊಡ್ಡದಾಗಿ ಜಾಲರಿಯ ಹಾಗೆ ಕಂಡರೆ ತೇಪೆ ಹಾಕುವ ಆಸೆ ಬೇಡ. ಮುಚ್ಚಳ ಮುಚ್ಚಿ, ಉರಿ ಮಧ್ಯಮಕ್ಕೆ ತಂದು ಒಂದು ನಿಮಿಷ. ಅಂಚು ತಾನಾಗಿ ಎದ್ದರೆ ಆಯಿತು. ಕವುಚುವ ಕ್ರಮ ಇಲ್ಲ, ಬಣ್ಣ ಬರಿಸುವ ಕ್ರಮವೂ ಇಲ್ಲ. ಎರಡು ಮಡಿಕೆ ಮಾಡಿ ತಟ್ಟೆಗೆ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಅಂಟಿ ಬೇರೆ ಆಗುವುದಿಲ್ಲ. ಅರ್ಧ ನಿಮಿಷ ಅಗಲವಾಗಿ ಬಿಟ್ಟು ಆಮೇಲೆ ಪೇರಿಸಿ. ಮೇಲಿನ ಅಳತೆಗೆ 16ರಿಂದ 18 ದೋಸೆ ಆಗುತ್ತವೆ.

ನೀರು ನಿಜವಾಗಿಯೂ ಹೆಚ್ಚಾಯಿತು, ದೋಸೆ ತೆಗೆಯುವಾಗ ಹರಿಯುತ್ತಿದೆ ಅಂದರೆ ಹೆದರಬೇಡಿ. ಪಾತ್ರೆಯನ್ನು ಅಲ್ಲಾಡಿಸದೆ ಅರ್ಧ ಗಂಟೆ ಇಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ, ಅದನ್ನು ಬೇಕಾದಷ್ಟು ಬಗ್ಗಿಸಿ ತೆಗೆಯಿರಿ. ಉಪ್ಪೂ ಸ್ವಲ್ಪ ಹೋಗಿರುತ್ತದೆ, ಚಿಟಿಕೆ ಸೇರಿಸಿ. ಅವಸರ ಇದ್ದರೆ ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟು ಕಲಸಬಹುದು, ಆದರೆ ಮೃದು ಕಡಿಮೆಯಾಗುತ್ತದೆ. ಗೋಧಿ ಹಿಟ್ಟು, ಮೈದಾ ಮಾತ್ರ ಬೇಡವೇ ಬೇಡ. ನೆಂಜಿಕೊಳ್ಳಲು ಕೋಳಿ ಗಸಿಯೋ ಮೀನಿನ ಸಾರೋ ನಿಮ್ಮ ಮನೆಯ ಕ್ರಮ. ಏನೂ ಇಲ್ಲದಿದ್ದರೆ ಕಾಯಿತುರಿಗೆ ಬೆಲ್ಲ ಕಲಸಿ, ಏಲಕ್ಕಿ ಗುದ್ದಿ ಹಾಕಿದರೆ ಆಯಿತು.

ಕೆಸುವಿನ ಎಲೆಗೆ ಅಕ್ಕಿಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವ ಪತ್ರೊಡೆಗೆ ಇದರ ತದ್ವಿರುದ್ಧ. ನೀರು ಕಂಡರೆ ಹಾಳು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅಂದರೆ ತುಳುವರ ಆಟಿ ತಿಂಗಳಲ್ಲಿ, ಕೆಸುವಿನ ಎಲೆ ಎಳತಾಗಿ ಸಿಗುತ್ತದೆ. ಮರದ ಮೇಲೆ ಮಳೆಗಾಲದಲ್ಲಿ ಹುಟ್ಟುವ ಮರಕೆಸು ಸಿಕ್ಕಿದರೆ ಬಿಡಬೇಡಿ. ಎಲೆ ತೆಳು, ತುರಿಕೆ ಕಡಿಮೆ, ರುಚಿ ಒಂದು ಕೈ ಮೇಲೆ. ಅದರ ಬೆಲೆಯೂ ಹಾಗೆಯೇ. ಹಿತ್ತಲಿನ ಕೆಸುವಾದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎಲೆ ಆರಿಸಿ. ಬಲಿತ ಎಲೆ ದಪ್ಪ, ತುರಿಕೆಯೂ ಹೆಚ್ಚು.

ಗಂಟಲು ಕೆರೆಯುವುದಕ್ಕೆ ಕಾರಣ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್. ಸೂಜಿಯಂಥ ಸಣ್ಣ ಹರಳುಗಳು ಅವು, ಚರ್ಮಕ್ಕೂ ಗಂಟಲಿಗೂ ಚುಚ್ಚುತ್ತವೆ. ಹಾಗಾಗಿ ಹುಳಿ ಧಾರಾಳ ಇರಬೇಕು, ಬೇಯಿಸುವುದು ದೀರ್ಘವಾಗಬೇಕು. ಹುಳಿಯನ್ನು ನಾಲಗೆಯ ಅಳತೆಗೆ ಇಳಿಸಿದವರು ಊಟದ ನಂತರ ಕೆಮ್ಮುತ್ತಾರೆ. ಹಸಿ ಹಿಟ್ಟು ನೆಕ್ಕಿ ನೋಡಿದರೆ ಹುಳಿ ಮುಂದೆ ನಿಲ್ಲಬೇಕು. ಬೆಂದ ಮೇಲೆ ಅದು ತಗ್ಗುತ್ತದೆ. ಎಲೆ ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ.

18ರಿಂದ 20 ಎಲೆಗೆ ಬೆಳ್ತಿಗೆ ಅಕ್ಕಿ 2 ಲೋಟ, ಕಾಯಿತುರಿ 1 ಲೋಟ, ಬ್ಯಾಡಗಿ ಮೆಣಸು 10, ಖಾರದ ಗಿಡ್ಡ ಮೆಣಸು 2, ಕೊತ್ತಂಬರಿ 4 ಚಮಚ, ಜೀರಿಗೆ 1 ಚಮಚ, ಅರಸಿನ ಅರ್ಧ ಚಮಚ, ದೊಡ್ಡ ಲಿಂಬೆ ಗಾತ್ರದ ಹುಣಸೆಹುಳಿ (ಸುಮಾರು 40 ಗ್ರಾಂ), ಅಷ್ಟೇ ಬೆಲ್ಲ, ಕಡಲೆ ಗಾತ್ರದ ಇಂಗು, ಉಪ್ಪು 2 ಚಮಚ. ಮೆಣಸು, ಕೊತ್ತಂಬರಿಯನ್ನು ಹುರಿಯುವವರಿದ್ದಾರೆ, ಹಸಿಯಾಗಿಯೇ ಹಾಕುವವರೂ ಇದ್ದಾರೆ. ಎರಡೂ ನಡೆಯುತ್ತದೆ.

ಅಕ್ಕಿ ಮೂರು ಗಂಟೆ ನೆನೆಸಿ, ಬುಟ್ಟಿಗೆ ಹಾಕಿ ಕಾಲು ಗಂಟೆ ನೀರು ಇಳಿಯಲು ಬಿಡಿ. ಈ ಕಾಲು ಗಂಟೆಯನ್ನು ಉಳಿಸಲು ಹೋಗಬೇಡಿ. ಮೊದಲು ಅಕ್ಕಿ ಬಿಟ್ಟು ಉಳಿದದ್ದನ್ನೆಲ್ಲ ಅರ್ಧ ಲೋಟ ನೀರಿನಲ್ಲಿ ನುಣ್ಣಗೆ ಕಡೆಯಿರಿ, ಅಂದರೆ ರುಬ್ಬಿ. ಆಮೇಲೆ ಅಕ್ಕಿ ಸೇರಿಸಿ ಚಿರೋಟಿ ರವೆಯಷ್ಟು ತರಿ ಇರುವಾಗಲೇ ನಿಲ್ಲಿಸಿ. ಒಟ್ಟು ನೀರು ಮುಕ್ಕಾಲು ಲೋಟ ದಾಟಬಾರದು. ಮಿಕ್ಸಿ ತಿರುಗದಿದ್ದರೆ ನೀರು ಹಾಕುವ ಬದಲು ನಿಲ್ಲಿಸಿ, ಚಮಚದಲ್ಲಿ ಕೆದಕಿ, ಮತ್ತೆ ಓಡಿಸಿ. ಇಲ್ಲಿ ಕಡೆಯುವ ಕಲ್ಲು ಇದ್ದವರು ಪುಣ್ಯವಂತರು. ಹಿಟ್ಟನ್ನು ಬೆರಳಲ್ಲಿ ಎತ್ತಿ ತಿರುಗಿಸಿ ಹಿಡಿದರೆ ಬೀಳದೆ ನಿಲ್ಲಬೇಕು. ನುಣ್ಣಗಾದರೆ ಪತ್ರೊಡೆ ಒಳಗೆ ಹಲ್ಲಿಗೆ ಅಂಟುವ ಅಂಟಾಗುತ್ತದೆ, ನೀರಾದರೆ ಸುತ್ತುವಾಗ ಎರಡೂ ಬದಿಯಿಂದ ಸೋರುತ್ತದೆ. ಸೋರುವ ಹಿಟ್ಟನ್ನು ಎರಡು ದೊಡ್ಡ ಚಮಚ ಅಕ್ಕಿ ತರಿ ಸೇರಿಸಿ ಕಾಲು ಗಂಟೆ ಬಿಟ್ಟು ಸರಿಮಾಡಬಹುದು. ಅಂಟಿಗೆ ಮದ್ದಿಲ್ಲ.

ಎಲೆಯನ್ನು ತೊಳೆದು ಬಟ್ಟೆಯಲ್ಲಿ ಒರೆಸಿ. ಒದ್ದೆ ಎಲೆಗೆ ಹಿಟ್ಟು ಹಿಡಿಯುವುದಿಲ್ಲ. ಹಿಂಬದಿಯ ದಪ್ಪ ನರವನ್ನು ಚೂರಿ ಮಲಗಿಸಿ ಹೆರೆದು ಎಲೆಯ ಮಟ್ಟಕ್ಕೆ ತನ್ನಿ. ಇದು ಬೇಸರದ ಕೆಲಸ ಹೌದು, ಆದರೆ ನರ ಉಳಿದ ಎಲೆ ಸುತ್ತುವಾಗ ಚಟ್ಟನೆ ಒಡೆಯುತ್ತದೆ. ದೊಡ್ಡ ಎಲೆಯನ್ನು ಹಿಂಬದಿ ಮೇಲೆ ಬರುವಂತೆ ಹಾಸಿ, ಹಿಟ್ಟನ್ನು ದೋಸೆಯಷ್ಟು ತೆಳ್ಳಗೆ ಸವರಿ. ಎರಡನೆಯ ಎಲೆಯ ತುದಿ ಮೊದಲನೆಯದರ ತೊಟ್ಟಿನ ಕಡೆಗೆ ಬರಲಿ, ಮತ್ತೆ ಹಿಟ್ಟು. ಹೀಗೆ ಐದು ಎಲೆ. ಎರಡು ಬದಿ ಒಳಗೆ ಮಡಚಿ, ಮಡಚಿದ ಮೇಲೂ ಹಿಟ್ಟು ಸವರಿ, ಬಿಗಿಯಾಗಿ ಸುತ್ತಿ. ನಾಲ್ಕು ಸುರುಳಿ ಆಗುತ್ತದೆ. ಹಿಟ್ಟು ದಪ್ಪ ಹಚ್ಚಿದರೆ ನಡುವೆ ಬೇಯದ ಬಿಳಿ ಗೆರೆ ಉಳಿಯುತ್ತದೆ.

ಇಡ್ಲಿ ಪಾತ್ರೆಯ ನೀರು ಕುದಿಯತೊಡಗಿದ ಮೇಲೆ ಸುರುಳಿ ಇಡಿ, ಮಡಿಕೆ ಕೆಳಗಿರಲಿ. ಮುಚ್ಚಳಕ್ಕೆ ಬಟ್ಟೆ ಕಟ್ಟದಿದ್ದರೆ ಹಬೆ ಹನಿಯಾಗಿ ಸುರುಳಿಯ ಮೇಲೆ ಬಿದ್ದು, ಅಷ್ಟು ಲೆಕ್ಕ ಹಾಕಿ ಬಿಟ್ಟ ನೀರು ವಾಪಸು ಬಂದ ಹಾಗೆ. 45 ನಿಮಿಷ ಬೇಯಬೇಕು, ಬಲಿತ ಎಲೆಗೆ ಒಂದು ಗಂಟೆ. ಚೂರಿ ಚುಚ್ಚಿ ತೆಗೆದರೆ ಹಿಟ್ಟು ಅಂಟಬಾರದು. ಪೂರ್ತಿ ತಣಿದ ಮೇಲೆಯೇ ಕೊಯ್ಯಿರಿ, ಬಿಸಿಯಲ್ಲಿ ಕೊಯ್ದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಬಿಲ್ಲೆಗಳನ್ನು ತೆಂಗಿನೆಣ್ಣೆಯಲ್ಲಿ ಕಾವಲಿಯ ಮೇಲೆ ಎರಡೂ ಬದಿ ಕೆಂಪಾಗುವವರೆಗೆ ಕಾಯಿಸುವುದು ಒಂದು ಕ್ರಮ. ಪುಡಿ ಮಾಡಿ ಸಾಸಿವೆ, ಉದ್ದಿನಬೇಳೆ, ಬೇವಿನಸೊಪ್ಪಿನ ಒಗ್ಗರಣೆಯಲ್ಲಿ ಬೆಲ್ಲ, ಕಾಯಿತುರಿ ಹಾಕಿ ಮಗುಚುವುದು ಇನ್ನೊಂದು, ಮರುದಿನದ ಪತ್ರೊಡೆಗೆ ಇದೇ ಮೇಲು. ಬರೀ ಬಿಲ್ಲೆಯ ಮೇಲೆ ಹಸಿ ತೆಂಗಿನೆಣ್ಣೆ ಹಾಕಿ ತಿನ್ನುವ ಕೊಂಕಣಿ ಮನೆಗಳ ಕ್ರಮವೂ ಕಡಿಮೆಯದಲ್ಲ.

ಇನ್ನು ಗುಳ್ಳದ ಕೊದ್ದೆಲ್, ಅಂದರೆ ಗುಳ್ಳ ಬದನೆಗೆ ಬೇಳೆ, ಹುರಿದು ಕಡೆದ ಕಾಯಿ ಮಸಾಲೆ ಹಾಕಿದ ಸಾಂಬಾರು. ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಈ ಬದನೆಯ ಬೀಜವನ್ನು ಉಡುಪಿಯ ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟರೆಂಬುದು ಐತಿಹ್ಯ. 2011ರಲ್ಲಿ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿತು. ಉರುಟು ಕಾಯಿ, ತಿಳಿಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಮುಳ್ಳು ಚುಚ್ಚಿದರೆ ತಾಜಾ ಅಂತ ಲೆಕ್ಕ. ಹಳದಿಗೆ ತಿರುಗಿದ್ದು ಬಲಿತದ್ದು, ಬೀಜ ಹಲ್ಲಿಗೆ ಸಿಗುತ್ತದೆ.

ಅರ್ಧ ಕಿಲೋ ಗುಳ್ಳಕ್ಕೆ ತೊಗರಿಬೇಳೆ ಅರ್ಧ ಲೋಟ, ಕಾಯಿತುರಿ 1 ಲೋಟ, ಲಿಂಬೆ ಗಾತ್ರದ ಹುಣಸೆಹುಳಿ, ಅದರ ಅರ್ಧದಷ್ಟು ಬೆಲ್ಲ. ಬ್ಯಾಡಗಿ ಮೆಣಸು 7, ಕೊತ್ತಂಬರಿ 3 ಚಮಚ, ಉದ್ದಿನಬೇಳೆ 1 ಚಮಚ, ಜೀರಿಗೆ ಅರ್ಧ, ಮೆಂತೆ ಕಾಲು ಚಮಚ, ಇಂಗು ಇವನ್ನು ತೆಂಗಿನೆಣ್ಣೆಯಲ್ಲಿ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಪಾತ್ರೆ ಕಹಿ. ಕಾಯಿಯೊಟ್ಟಿಗೆ ಕಡೆಯುವಾಗ ತಣ್ಣೀರು ಹಾಕಿ. ಮಿಕ್ಸಿ ಬಿಸಿಯಾದರೆ ಕಾಯಿಯ ಎಣ್ಣೆ ಬೇರೆಯಾಗುತ್ತದೆ.

ಗುಳ್ಳವನ್ನು ಎಂಟು ಹೋಳು ಮಾಡಿ ಕೂಡಲೇ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಬೇಯಿಸುವುದು ಮಾತ್ರ ಹುಳಿನೀರಿನಲ್ಲಿ: ಎರಡು ಲೋಟ ನೀರಿಗೆ ಹುಳಿ ಕಿವುಚಿ, ಉಪ್ಪು, ಬೆಲ್ಲ, ಅರಸಿನ ಹಾಕಿ ಕುದಿ ಬಂದ ಮೇಲೆ ಹೋಳು ಹಾಕಿ. ಹುಳಿ ತರಕಾರಿಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಸುವರ್ಣಗಡ್ಡೆಗೋ ಮಂಗಳೂರು ಸೌತೆಗೋ ಇದು ತೊಂದರೆ, ಅವು ಬೆಂದ ಮೇಲೆ ಹುಳಿ ಹಾಕಬೇಕು. ಗುಳ್ಳಕ್ಕೆ ಇದೇ ರಕ್ಷೆ, ಹೋಳು ಕರಗದೆ ನಿಲ್ಲುತ್ತದೆ. ಆರರಿಂದ ಎಂಟು ನಿಮಿಷ ಸಾಕು. ಸೌಟು ಆಡಿಸಬೇಡಿ, ಪಾತ್ರೆಯ ಕಿವಿ ಹಿಡಿದು ಕುಲುಕಿ.

ಬೆಂದ ಬೇಳೆ, ಅರಪ್ಪು (ಕಡೆದ ಮಸಾಲೆ) ಸೇರಿಸಿದ ಮೇಲೆ ದಪ್ಪ ಎನಿಸಿದರೆ ಕುದಿಯುವ ನೀರನ್ನೇ ಹಾಕಿ. ತಣ್ಣೀರು ಸುರಿದರೆ ಕುದಿ ನಿಂತುಹೋಗಿ, ಅದು ಮತ್ತೆ ಬರುವಷ್ಟರಲ್ಲಿ ಹೋಳು ಒಡೆದಿರುತ್ತದೆ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕುದಿದರೆ ಸಾಕು, ಮತ್ತೂ ಕುದಿಸಿದರೆ ಕಾಯಿ ಒಡೆದು ಮೇಲೆ ಎಣ್ಣೆ ತೇಲುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಬೇವಿನಸೊಪ್ಪಿನ ಒಗ್ಗರಣೆ. ಬೆಳ್ಳುಳ್ಳಿ ಹಾಕುವ ಮನೆಗಳಲ್ಲಿ ಎಂಟು ಎಸಳು ಜಜ್ಜಿ ಕೆಂಪಾಗಿಸಿ ಹಾಕಿ, ಮಠದ ಅಡುಗೆಯ ಕ್ರಮದವರು ಇಂಗಿನಲ್ಲೇ ನಿಲ್ಲಿಸಿ. ಒಲೆಯಿಂದ ಇಳಿಸುವಾಗ ಬೇಕೆನಿಸಿದ್ದಕ್ಕಿಂತ ಸ್ವಲ್ಪ ತೆಳ್ಳಗೇ ಇರಲಿ, ಊಟದ ಹೊತ್ತಿಗೆ ಬೇಳೆ ಆ ನೀರನ್ನು ಕುಡಿದಿರುತ್ತದೆ.