ಆಯಿಲ್ ಫಿಲ್ಟರ್ ಮೇಲಿನ ನಂಬರ್

"ಇದು ಈ ಕಾರಿನ ಜೊತೆಗೇ ಬಂದ ಎಂಜಿನ್ ಅಂತ ಬರೆದುಕೊಡೋಕೆ ಆಗಲ್ಲ" ಅಂತ ನಾನು ಹೇಳಿದಾಗ ಆ ಹಿರಿಯರು ಜಗಳ ಆಡಲಿಲ್ಲ. "1974ರಿಂದ ನನ್ನ ಹತ್ತಿರಾನೇ ಇದೆ. ಎಂಜಿನ್ ಬದಲಾಯಿಸಿಲ್ಲ" ಅಂತ ಮೆಲ್ಲಗೆ ಹೇಳಿ, ತಲೆ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಆ ನಿಲುವು ನನಗೆ ಇನ್ನೂ ಮರೆತಿಲ್ಲ.

ನಾನಿರೋದು ಮಿಶಿಗನ್‌ನಲ್ಲಿ, ಹಳೆ ಮಸಲ್ ಕಾರುಗಳ, ಅಂದರೆ ಜೋರು ಎಂಜಿನ್‌ನ ಅಮೆರಿಕನ್ ಕಾರುಗಳ, ಶಾಪ್ ಒಂದರಲ್ಲಿ. ಮಾರಾಟಕ್ಕೆ ಮುಂಚೆ ತಪಾಸಣೆ ಮಾಡಿ ರಿಪೋರ್ಟ್ ಕೊಡೋದು ನನ್ನ ಪಾಲಿನ ಕೆಲಸ. ಅವತ್ತು ಬಂದದ್ದು 1969ರ ಮಾಡೆಲ್ ಷೆವರ್ಲೆ ಕಮಾರೋ ಝಡ್-28.

ಈ ಕಾರಿನಲ್ಲಿ ಎಂಜಿನ್ನೇ ಎಲ್ಲಾ. ಆಗ ಟ್ರಾನ್ಸ್-ಆಮ್ ಅನ್ನೋ ಅಮೆರಿಕದ ಕಾರ್ ರೇಸಿನಲ್ಲಿ ಎಂಜಿನ್ ಗಾತ್ರ 305 ಕ್ಯೂಬಿಕ್ ಇಂಚು ದಾಟುವಂತಿರಲಿಲ್ಲ. ಅದಕ್ಕೆ ಷೆವರ್ಲೆಯವರು ತಮ್ಮ 327 ಕ್ಯೂಬಿಕ್ ಇಂಚಿನ ಎಂಜಿನ್‌ನ 4 ಇಂಚಿನ ಬೋರ್‌ಗೆ (ಸಿಲಿಂಡರ್ ಅಗಲ) 283ರ 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಸೇರಿಸಿ 302 ಮಾಡಿದರು. ಕಾಗದದ ಮೇಲೆ 290 ಹಾರ್ಸ್‌ಪವರ್. ಅದಕ್ಕಿಂತ ಜಾಸ್ತಿ ಅಂತ ಓಡಿಸಿದವರು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಹೊರಗಿನಿಂದ ನೋಡಿದರೆ ಮಾಮೂಲಿ 350ಗೂ ಇದಕ್ಕೂ ವ್ಯತ್ಯಾಸ ತಿಳಿಯೋದು ಕಷ್ಟ. ಬೋರ್ ಒಂದೇ. ಎಂಜಿನ್ ಬ್ಲಾಕ್ ಹಿಂದೆ ಎರಕದಲ್ಲೇ ಮೂಡಿದ ಕಾಸ್ಟಿಂಗ್ ನಂಬರ್ ಕೂಡ ಎರಡಕ್ಕೂ ಒಂದೇ ಇರಬಹುದು. ಕಾರಿನ ಚಾಸಿ ನಂಬರ್ ವಿ8 ಅಂತ ಮಾತ್ರ ಹೇಳುತ್ತೆ, ಝಡ್-28 ಅಂತ ಹೇಳಲ್ಲ. ಈ ಕಾರು ತಯಾರಾದ ನಾರ್ವುಡ್ ಕಾರ್ಖಾನೆಯವರು 1968ರ ಡಿಸೆಂಬರ್‌ನಿಂದ ಟ್ರಿಮ್ ಟ್ಯಾಗ್ (ಬಣ್ಣ, ಸೀಟಿನ ವಿವರ ಇರೋ ತಗಡು) ಮೇಲೆ ಝಡ್-28ರ ಗುರುತಾಗಿ ಎಕ್ಸ್33, ಎಕ್ಸ್77 ಅಂತ ಹಾಕೋಕೆ ಶುರು ಮಾಡಿದರು. ಈ ಕಾರು ಅದೇ ವರ್ಷದ ಅಕ್ಟೋಬರ್ ಕೊನೇ ವಾರದ್ದು. ಹಾಗಾಗಿ ಅದೂ ಇಲ್ಲ.

ಆಲ್ಟರ್ನೇಟರ್ ಹಿಂದೆ ಕನ್ನಡಿ ಹಿಡಿದು ಪ್ಯಾಡ್, ಅಂದರೆ ಎಂಜಿನ್ ನಂಬರ್ ಹೊಡೆದಿರುವ ಸಪಾಟು ಜಾಗ, ನೋಡಿದೆ. ವಿ1015ಡಿಝಡ್. ಅಂದರೆ ಫ್ಲಿಂಟ್ ಕಾರ್ಖಾನೆ, ಅಕ್ಟೋಬರ್ 15, 302. ಕಾಸ್ಟಿಂಗ್ ಡೇಟ್ ಸೆಪ್ಟೆಂಬರ್ 24. ಎಲ್ಲಾ ಸಾಲಾಗಿ ಕೂತಿತ್ತು. ಪ್ಯಾಡ್ ಮೇಲೆ ಕಾರ್ಖಾನೆಯಲ್ಲಿ ಲೋಹ ಹೆರೆಯುವಾಗ ಬೀಳುವ ಬ್ರೋಚ್ ಗೆರೆಗಳು ಕೂದಲೆಳೆಯ ಹಾಗೆ ಉದ್ದಕ್ಕೆ ಕಾಣುತ್ತಿದ್ದವು. ಎಂಜಿನ್ ಯಾವ ಕಾರಿನದು ಅಂತ ಹೇಳುವ ಚಾಸಿ ನಂಬರ್ ಮಾತ್ರ ಅಲ್ಲಿ ಇರಲಿಲ್ಲ.

ಇಲ್ಲೇ ನಾನು ಎಡವಿದ್ದು. ಅದಕ್ಕೆ ಹಿಂದಿನ ತಿಂಗಳು ಒಂದು ಕಾರಿನಲ್ಲಿ ಪ್ಯಾಡ್ ತುರಿದು ಹೊಸದಾಗಿ ನಂಬರ್ ಹೊಡೆದಿದ್ದರು. ನಾನು ಅದನ್ನು ಒರಿಜಿನಲ್ ಅಂತ ಬರೆದುಬಿಟ್ಟಿದ್ದೆ. ಶಾಪಿಗೆ ದೊಡ್ಡ ನಷ್ಟ ಆಯಿತು, ನನಗೂ ಸರಿಯಾಗಿ ಬೈಗುಳ ಬಿತ್ತು. ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡಿದ ಹಾಗೆ, ಆಮೇಲೆ ನನಗೆ ಎಲ್ಲಾ ಪ್ಯಾಡ್ ಮೇಲೂ ಅನುಮಾನ. ತುರಿದರೆ ಅಳಿಸಿಹೋಗುವ ಬ್ರೋಚ್ ಗೆರೆ ಕಣ್ಣೆದುರಿಗೇ ಇದ್ದರೂ, "ಬೇರೆ ಝಡ್-28ರಿಂದ ತಂದು ಕೂರಿಸಿದ ಎಂಜಿನ್ ಇರಬೇಕು" ಅಂತ ತೀರ್ಮಾನ ಮಾಡಿಬಿಟ್ಟೆ.

ನಮ್ಮ ಟ್ಯಾಬ್ಲೆಟ್‌ನಲ್ಲಿರುವ ಫಾರ್ಮ್ ಬಗ್ಗೆಯೂ ಹೇಳಲೇಬೇಕು. ಎಂಜಿನ್ ನಂಬರ್ ಫೋಟೋಗೆ ಅದರಲ್ಲಿ ಒಂದೇ ಒಂದು ಖಾನೆ. ಪ್ಯಾಡ್ ಫೋಟೋ ಹಾಕಿ, ಚಾಸಿ ನಂಬರ್ "ಇಲ್ಲ" ಅಂತ ಒತ್ತಿದರೆ ಮುಂದಿನ ಪುಟಕ್ಕೆ ಹೋಗುತ್ತೆ. ಬೇರೆ ಕಡೆ ನೋಡಿದಿರಾ ಅಂತ ಕೇಳೋದೇ ಇಲ್ಲ. ಎರಡನೇ ಖಾನೆ ಬೇಕು ಅಂತ ನಾವು ಮೊದಲೇ ಕೇಳಿದ್ದೆವು. ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಅನ್ನೋದೇ ಉತ್ತರ. ಅದೂ ಅಲ್ಲದೆ ಅವತ್ತು ಲಿಫ್ಟ್ ಖಾಲಿ ಇರಲಿಲ್ಲ. ಕಾಯಬಹುದಿತ್ತು. ನಾನು ಕಾಯಲಿಲ್ಲ.

ಹಿರಿಯರು ಹೊರಗೆ ಹೋಗಿ ಫೋನ್ ಮಾಡಿದರು. ಕೊಳ್ಳಲು ಒಪ್ಪಿದ್ದವನಿಗೆ ತಾವೇ ವಿಷಯ ಹೇಳಿಬಿಟ್ಟರು. ಮುಚ್ಚಿಡುವ ಮನುಷ್ಯ ಅಲ್ಲ ಅವರು.

ಅಷ್ಟು ಹೊತ್ತಿಗೆ ನಮ್ಮ ಹಿರಿಯ ಮೆಷಿನಿಸ್ಟ್ ಊಟ ಮುಗಿಸಿ ಬಂದರು. ಎಂಜಿನ್ ಓಡುತ್ತಿದ್ದಾಗಿನ ಟಿಕ್ ಟಿಕ್ ಸದ್ದು ಕೇಳಿದ್ದರಂತೆ. "ವಾಲ್ವ್ ಎತ್ತೋ ಸಾಲಿಡ್ ಲಿಫ್ಟರ್ ಸದ್ದು, 302ಗೆ ಸರಿಯಾಗೇ ಇದೆ. ಕೆಳಗೆ ನೋಡಿದೆಯಾ?" ಅಂದರು. ನಾನು ಸುಮ್ಮನಿದ್ದೆ. 1969ರ ಮಾಡೆಲ್‌ನಲ್ಲಿ ಚಾಸಿ ನಂಬರ್ ಪ್ಯಾಡ್ ಮೇಲೇ ಇರಬೇಕು ಅಂತಿಲ್ಲ, ಆಯಿಲ್ ಫಿಲ್ಟರ್ ಮೇಲ್ಗಡೆಯೂ ಇರಬಹುದು. ನನಗೆ ಗೊತ್ತಿಲ್ಲದ ವಿಷಯ ಅಲ್ಲ ಅದು.

ಲಿಫ್ಟ್ ಏರಿಸಿ ಫಿಲ್ಟರ್ ಬಿಚ್ಚಿದೆವು. ಐವತ್ತು ವರ್ಷದ ಎಣ್ಣೆ ಜಿಡ್ಡು, ಒಣಗಿ ಹೆಂಟೆ ಆಗಿತ್ತು. ತಂತಿ ಬ್ರಷ್ ಮುಟ್ಟಲಿಲ್ಲ. ಕ್ಲೀನರ್ ಹಾಕಿ, ನೆನೆಸಿ, ಬಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಒರೆಸಿದೆವು. ಒರಟು ಲೋಹದ ಮೇಲೆ 1 ಕಂಡಿತು. ಆಮೇಲೆ 9. ಆಮೇಲೆ ಎನ್, 5. ಅಲ್ಲಿಂದ ಮುಂದೆ ಒಂದೊಂದೇ ಅಂಕಿ, ಡ್ಯಾಶ್ ಮೇಲಿನ ಚಾಸಿ ನಂಬರಿಗೆ ಹೊಂದುತ್ತಾ ಬಂತು. ಕೊನೆಯದು ಮೂರೋ ಎಂಟೋ ಗೊತ್ತಾಗಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದರೂ ಆಗಲಿಲ್ಲ. ಕಾರು ತಂದ ಹಿರಿಯರು ನಮ್ಮ ಹಿಂದೆ ಬಂದು ನಿಂತಿದ್ದರು. ಯಾರೂ ಮಾತಾಡಲಿಲ್ಲ.

ಆಗ ನನಗೆ ನಮ್ಮೂರಿನ ಆರ್‌ಟಿಒ ಆಫೀಸ್ ನೆನಪಾಯಿತು. ಗಾಡಿ ಟ್ರಾನ್ಸ್‌ಫರ್‌ಗೆ ಏಜೆಂಟ್ ಚಾಸಿ ನಂಬರ್ ಮೇಲೆ ಕಾಗದ ಒತ್ತಿ ಪೆನ್ಸಿಲ್‌ನಲ್ಲಿ ಉಜ್ಜಿ ಪ್ರಿಂಟ್ ತೆಗೆಯುತ್ತಿದ್ದ. ತೆಳು ಕಾಗದ ಇಟ್ಟು ಹಾಗೇ ಉಜ್ಜಿದೆ. ಕೈ ನಡುಗುತ್ತಿತ್ತು. 8. ಡ್ಯಾಶ್ ಮೇಲೂ 8.

ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಕ್ಷಮೆ ಕೇಳಿದೆ. ಕೊಳ್ಳುವವನಿಗೆ ನಾನೇ ಫೋನ್ ಮಾಡಿ, ತಪ್ಪು ನನ್ನದು ಅಂತ ಬಿಡಿಸಿ ಹೇಳಿ, ಫೋಟೋ ಕಳಿಸಿದೆ. "ಮಧ್ಯಾಹ್ನ ಅಲ್ಲ ಅಂದಿರಿ, ಈಗ ಹೌದು ಅಂತೀರಿ. ನಾನು ಯಾವುದನ್ನು ನಂಬಲಿ?" ಅಂದ. ಮತ್ತೆ ಫೋನ್ ಎತ್ತಲಿಲ್ಲ.

ಹೊರಡುವಾಗ ಹಿರಿಯರು ರಿಪೋರ್ಟ್ ಕೇಳಲಿಲ್ಲ. ಪೆನ್ಸಿಲ್ ಉಜ್ಜಿದ ಕಾಗದ ಕೊಡ್ತೀರಾ ಅಂದರು. ಎರಡು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು ಗಾಡಿ ಸ್ಟಾರ್ಟ್ ಮಾಡಿದರು. ರಸ್ತೆ ತಿರುವು ದಾಟುವ ತನಕ ಆ ಟಿಕ್ ಟಿಕ್ ಸದ್ದು ಕೇಳುತ್ತಲೇ ಇತ್ತು.