ಹುಲ್ಲುಗುಡ್ಡಗಳ ನಡುವೆ ಒಂದು ಕೋರ್ಟು

ಅಮ್ಮ ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾಗೆ, ನಮ್ಮ ಮನೆಗೆ, ಬಂದು ಒಂದು ತಿಂಗಳಾಗಿತ್ತು. ಮಾಲುಗಳನ್ನೆಲ್ಲ ತೋರಿಸಿ ಮುಗಿದಿತ್ತು. ಒಂದು ಶುಕ್ರವಾರ ರಜೆ ಹಾಕಿ ಕಾಟನ್‌ವುಡ್ ಫಾಲ್ಸ್ ಅನ್ನೋ ಚಿಕ್ಕ ಊರಿಗೆ ಕರೆದುಕೊಂಡು ಹೋದೆ. ದಾರಿಯ ಎರಡೂ ಕಡೆ ಬರೀ ಹುಲ್ಲುಗುಡ್ಡ. ಇಟ್ಟಿಗೆ ಹಾಸಿದ ಬ್ರಾಡ್‌ವೇ ಬೀದಿಗೆ ತಿರುಗಿದರೆ ಎದುರಿಗೇ ಕೆಂಪು ಚಾವಣಿ, ಗಡಿಯಾರದ ಗೋಪುರ.

"ಯಾರ ಅರಮನೆಯೋ ಇದು?" ಅಂದರು ಅಮ್ಮ.

ಅರಮನೆಯಲ್ಲ, ಚೇಸ್ ಕೌಂಟಿಯ ಕೋರ್ಟು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. 1873ರದ್ದು. ಕಾನ್ಸಾಸ್‌ನಲ್ಲಿ ಈಗಲೂ ಬಳಕೆಯಲ್ಲಿರುವ ಕೋರ್ಟು ಕಟ್ಟಡಗಳಲ್ಲಿ ಇದೇ ಹಳೆಯದು. ಇಲ್ಲಿ ಕೌಂಟಿ ಕೋರ್ಟು ಅಂದರೆ ಬರೀ ಕೇಸು ನಡೆಯುವ ಜಾಗವಲ್ಲ. ಜಮೀನಿನ ಪತ್ರ, ಮನೆ ತೆರಿಗೆ, ಕಾರಿನ ನಂಬರ್ ಪ್ಲೇಟು, ಎಲ್ಲ ಒಂದೇ ಸೂರಿನಡಿ. ನಮ್ಮ ತಾಲ್ಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಆಫೀಸು, ಆರ್‌ಟಿಒ ಮೂರೂ ಸೇರಿದ ಹಾಗೆ.

"ಮತ್ತೆ ಕ್ಯೂ ಎಲ್ಲಿ?"

ಕ್ಯೂ ಎಲ್ಲಿಂದ ಬರಬೇಕು? 2020ರ ಗಣತಿಯಲ್ಲಿ ಇಡೀ ಕೌಂಟಿಯ ಜನ 2,600 ಕೂಡ ಇರಲಿಲ್ಲ. ತಮಾಷೆ ಅಂದರೆ ಇದನ್ನು ಕಟ್ಟಲು ಹೊರಟಾಗಲೂ ಇದ್ದದ್ದು ಹೆಚ್ಚುಕಡಿಮೆ 2,000 ಜನ. 1900ರ ಹೊತ್ತಿಗೆ 8,000 ದಾಟಿ, ಆಮೇಲೆ ಇಳಿಯುತ್ತಾ ಬಂತು. ಎರಡು ಸಾವಿರ ಜನರ ಕೌಂಟಿ ಈ ಕಟ್ಟಡಕ್ಕೆ ಆ ಕಾಲಕ್ಕೆ ಸುಮಾರು 42 ಸಾವಿರ ಡಾಲರ್ ಸುರಿದಿತ್ತು. ನಕ್ಷೆ ಹಾಕಿದ ಜಾನ್ ಹ್ಯಾಸ್ಕೆಲ್ ಕೂಡ ಸಾಮಾನ್ಯದವರಲ್ಲ, ರಾಜ್ಯದ ರಾಜಧಾನಿ ಟೊಪೀಕಾದ ಶಾಸನಭವನಕ್ಕೂ ದುಡಿದವರು. ನನಗಂತೂ ಇದು ಭಂಡ ಧೈರ್ಯ ಅನ್ನಿಸಿತು.

ಜನ ಯಾಕೆ ನಿಲ್ಲಲಿಲ್ಲ ಅನ್ನೋದಕ್ಕೆ ಕಾರಣ ಕಾಲ ಕೆಳಗೇ ಇದೆ. ಈ ಸೀಮೆಯ ಹೆಸರೇ ಫ್ಲಿಂಟ್ ಹಿಲ್ಸ್, ಅಂದರೆ ಚಕಮಕಿ ಕಲ್ಲಿನ ಗುಡ್ಡ. ಮೇಲೆ ತೆಳು ಮಣ್ಣು, ಅಡಿಗೆ ಚಕಮಕಿ ಮತ್ತು ಸುಣ್ಣಕಲ್ಲು. ನೇಗಿಲು ಇಳಿಯಲ್ಲ. ಹೊಳೆ ಬದಿಯ ಬಯಲು ಬಿಟ್ಟರೆ ದನ ಮೇಯಿಸೋದೇ ಕಸುಬು, ಅದಕ್ಕೆ ಜಾಸ್ತಿ ಜನ ಬೇಡ ಅಲ್ವಾ? ಕೋರ್ಟಿನ ಗೋಡೆಗಳೂ ಇದೇ ಸೀಮೆಯ ಸುಣ್ಣಕಲ್ಲಿನವು. ಉಳಲು ಬಿಡದ ಕಲ್ಲು ಕಟ್ಟಲು ಒದಗಿತ್ತು.

ಒಳಗೆ ಹಳೇ ಜೈಲು ಕೋಣೆ ಇದೆ. ಅಮ್ಮ ಅತ್ತ ಸುಮ್ನೆ ಇಣುಕಿ ಬಂದರು. ಅವರು ನಿಂತದ್ದು ಮೆಟ್ಟಿಲ ಹತ್ತಿರ. ಅಂತಸ್ತಿನಿಂದ ಅಂತಸ್ತಿಗೆ ಸುರುಳಿಯಾಗಿ ಏರುವ ಮೆಟ್ಟಿಲು, ಪಕ್ಕದ ಕಾಟನ್‌ವುಡ್ ಹೊಳೆ ದಂಡೆಯ ಕಪ್ಪು ವಾಲ್‌ನಟ್ ಮರದ್ದು. ಕೈ ಸವರಿ ಸವರಿ ಹಿಡಿ ನುಣ್ಣಗಾಗಿದೆ.

"ಅಜ್ಜನ ಮನೆ ಬೀಟೆ ಕಂಬ ಹೀಗೇ ಇತ್ತು ಕಣೋ," ಅಂದರು. ಮಂಡಿನೋವು ಅಂತ ನಮ್ಮನೆ ಮಹಡಿ ಹತ್ತದವರು ಅದನ್ನು ಹಿಡಿದುಕೊಂಡು ಮೇಲಿನವರೆಗೂ ಹತ್ತಿದರು. ಕಿಟಕಿಯಲ್ಲಿ ನಿಂತು ಬೀದಿಯ ಕಾರು ಎಣಿಸಿದರು. ಏಳು. ಅದರಲ್ಲಿ ಒಂದು ನಮ್ಮದು.