ಐದರ ಮೇಲಿನ ಚುಕ್ಕಿ

ಗೃಹಲಕ್ಷ್ಮಿಯ ಎರಡು ಸಾವಿರ ಜಮಾ ಆದ ದಿನಗಳಲ್ಲಿ ಆಳಂದದ ಯಾವುದೇ ಎಟಿಎಂ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಓದಿದವನಂತೆ ಕಾಣುವ ಹುಡುಗನ ಕೈಗೆ ಕಾರ್ಡ್ ಕೊಟ್ಟು, ಪಿನ್ ನಂಬರನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುವ ಹೆಂಗಸರು ಕಾಣುತ್ತಾರೆ. ಇವರಿಗೆ ತಿಳಿವಳಿಕೆ ಇಲ್ಲ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೂಲಿ ಲೆಕ್ಕ, ಸಂಘದ ಕಂತಿನ ಲೆಕ್ಕ ಎಲ್ಲ ಬಾಯಲ್ಲೇ ಇಟ್ಟುಕೊಂಡವರು ಇವರು. ಗುಟ್ಟು ಕಾಯಲೂ ಬಲ್ಲರು. ಆ ಯಂತ್ರದ ಮುಂದೆ ಕೈ ಓಡುವುದಿಲ್ಲ, ಅಷ್ಟೇ.

ನಮ್ಮ ಸೋದರತ್ತಿಯ ಕಾರ್ಡಿನ ಕವರಿನ ಮೇಲೂ ಬಾಲ್‌ಪೆನ್ನಿನಲ್ಲಿ ನಾಲ್ಕು ಅಂಕಿ ಬರೆದಿತ್ತು. ಓಣಿಯ ಹುಡುಗನೊಬ್ಬ ರೊಕ್ಕ ತೆಗೆದುಕೊಡುತ್ತಿದ್ದ. ಒಳ್ಳೆಯ ಹುಡುಗನೇ. ಆದರೆ ಈ ಸಲ ತೊಗರಿ ಮಾರಿದ ರೊಕ್ಕವೂ ಅದೇ ಖಾತೆಗೆ ಬಿದ್ದಿತ್ತು. ಕಲಬುರಗಿಯಿಂದ ಹೋದವನು, ಜನ ಇಲ್ಲದ ಹೊತ್ತು ನೋಡಿ, ಪಿನ್ ಬದಲಿಸಲೆಂದು ಅತ್ತಿಯನ್ನು ಎಟಿಎಂಗೆ ಕರೆದುಕೊಂಡು ಹೋದೆ.

“ನೀನೇ ಒತ್ತೋ ತಮ್ಮಾ, ನನಗ ತಿಳ್ಯಾಂಗಿಲ್ಲ.”

“ನಾ ಒತ್ತಂಗಿಲ್ಲ ಅತ್ತಿ. ಬೆರಳು ಇಲ್ಲಿ ಇಡು.”

ಐದರ ಕೀಲಿಯ ಮೇಲೆ ಸಣ್ಣದೊಂದು ಉಬ್ಬಿದ ಚುಕ್ಕಿ ಇರುತ್ತದೆ, ಕಣ್ಣು ಕಾಣದವರಿಗೆ ಗುರುತು ಸಿಗಲೆಂದು. ಅಲ್ಲಿಂದ ಮೇಲೆ ಎರಡು, ಕೆಳಗೆ ಎಂಟು, ಎಡಕ್ಕೆ ನಾಲ್ಕು, ಬಲಕ್ಕೆ ಆರು. ಎಂಟರ ಕೆಳಗೆ ಸೊನ್ನೆ. ಅಂಕಿಯ ಆಕಾರ ಹುಡುಕುವುದಕ್ಕಿಂತ ಜಾಗ ಹಿಡಿಯುವುದು ಆಕೆಗೆ ಸಲೀಸಾಯಿತು. ಬೆರಳಿಗೆ ದಾರಿ ಗೊತ್ತಾದ ಮೇಲೆ ಇನ್ನೊಂದು ಕೈ ಅಡ್ಡ ಹಿಡಿದೂ ಒತ್ತಬಹುದು.

ಹೊಸ ಪಿನ್‌ಗೆ ಹುಟ್ಟಿದ ವರ್ಷ ಬೇಡ ಎಂದೆ. ಅದು ಆಧಾರ್ ಮೇಲೆ ಅಚ್ಚಾಗಿದೆ, ಆಧಾರ್ ಜೆರಾಕ್ಸನ್ನು ಎಲ್ಲೆಲ್ಲಿ ಕೊಟ್ಟಿದ್ದೇವೋ ಲೆಕ್ಕವಿಲ್ಲ. ನಾಲ್ಕು ಅಂಕಿಗಳಲ್ಲಿ ಹತ್ತು ಸಾವಿರ ಪಿನ್ ಆಗುತ್ತವೆ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಕಾರ್ಡ್ ನಿಂತುಬಿಡುತ್ತದೆ. ಸುಮ್ಮನೆ ಊಹಿಸುವವನಿಗೆ ದಕ್ಕುವುದು ಕಷ್ಟ. 1234 ಇಟ್ಟವರದು ಮಾತ್ರ ಮೊದಲ ಏಟಿಗೇ ಹೋಗುತ್ತದೆ.

“ನಿನಗ ಹೇಳ್ಲೇನು?”

“ನನಗೂ ಬ್ಯಾಡ.”

ನಾನು ಬಾಗಿಲ ಕಡೆ ತಿರುಗಿ ನಿಂತೆ. ಮೊದಲ ಸಲ ಹೊತ್ತು ಮೀರಿ ಕಾರ್ಡ್ ಹೊರಗೆ ಬಂತು. ಮತ್ತೆ ಹಾಕಿದಳು. ಆಯಿತು.

1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಶುರುವಾದ ನಗದು ಯಂತ್ರವನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ನಮ್ಮ ಶಿಲ್ಲಾಂಗ್‌ನಲ್ಲಿ ಹುಟ್ಟಿದವರು. ಅವರು ಆರು ಅಂಕಿ ಇಡಬೇಕೆಂದಿದ್ದರಂತೆ. ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲ ಎಂದದ್ದು ಅವರ ಹೆಂಡತಿ. ಒಬ್ಬ ಹೆಂಗಸಿನ ನೆನಪಿಗೆ ಎಷ್ಟು ನಿಲುಕುತ್ತದೆ ಎಂದು ಕೇಳಿ ನಿಗದಿ ಮಾಡಿದ ನಂಬರನ್ನು ನಮ್ಮ ಹೆಂಗಸರಿಂದ ಆಗುವುದಿಲ್ಲ ಎಂದು ನಾವೇ ಕಸಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅತ್ತಿಯ ಮೊಬೈಲಿಗೆ ಬ್ಯಾಂಕಿನ ಮೆಸೇಜು ಮಾತ್ರ ಬರಲಿಲ್ಲ. ವಿಚಾರಿಸಿದರೆ, ಖಾತೆಗೆ ಇದ್ದದ್ದು ತೀರಿಹೋದ ಮಾಮನ ನಂಬರು. ರೀಚಾರ್ಜ್ ಇಲ್ಲದೆ ಆ ಸಿಮ್ ಎಂದೋ ಬಂದಾಗಿತ್ತು. ಬಂದಾದ ನಂಬರನ್ನು ಕಂಪನಿಯವರು ಮುಂದೆ ಬೇರೆಯವರಿಗೆ ಕೊಡುತ್ತಾರೆ. ಓಟಿಪಿ ಇದ್ದರೆ ಪಿನ್ನನ್ನೇ ಹೊಸದಾಗಿ ಮಾಡಿಕೊಳ್ಳುವ ಕಾಲ ಇದು. ಆ ಓಟಿಪಿ ಯಾರದೋ ಜೇಬಿಗೆ ಹೋಗುವಂತಿದ್ದರೆ ನಾಲ್ಕು ಅಂಕಿ ಕಾಯ್ದು ಏನು ಬಂತು? ಅಲ್ಲಿಂದ ಸೀದಾ ಶಾಖೆಗೆ ಹೋಗಿ ಅತ್ತಿಯ ಸ್ವಂತ ನಂಬರಿಗೆ ಅರ್ಜಿ ಕೊಟ್ಟೆವು. ನಿಮ್ಮ ಮನೆಯ ಹಿರಿಯರ ಪಾಸ್‌ಬುಕ್ಕಿಗೆ ಯಾರ ನಂಬರಿದೆ, ಒಮ್ಮೆ ನೋಡಿ.

ಸಂಜೆ ಓಣಿಯ ಹುಡುಗನಿಗೆ ನಾನೇ ಹೇಳಿದೆ. ಬೇಜಾರು ಮಾಡಿಕೊಂಡಾನು ಎಂಬ ಅಳುಕಿತ್ತು.

“ಚಲೋ ಆತು ಬಿಡ್ರಿ ಅಣ್ಣಾ. ನೂರು ರೂಪಾಯಿ ಕಮ್ಮಿ ಬಿದ್ರೂ ಮೊದಲ ನನ್ನ ಹೆಸರೇ ಬರ್ತಿತ್ತು,” ಎಂದ. ಪಿನ್ ತಾವೇ ಹೇಳಿಕೊಟ್ಟು ರೊಕ್ಕ ಹೋದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಖಾತೆದಾರರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಅದನ್ನು ಅವನಿಗೆ ತಿಳಿಸಿದೆ. ಓಣಿಯ ಇನ್ನೂ ಕೆಲವರ ಪಿನ್ ನಂಬರು ಅವನ ತಲೆಯಲ್ಲಿದ್ದವು. ಮುಂದಿನ ಕಂತು ಬಂದಾಗ ಅವರನ್ನೂ ಕರೆದುಕೊಂಡು ಹೋಗಿ, ಐದರ ಚುಕ್ಕಿಯಿಂದಲೇ ಶುರು ಮಾಡುತ್ತೇನೆ ಎಂದಿದ್ದಾನೆ.